ಮರದ ಬೋರ್ಡಿನಲ್ಲಿ ಹೆಸರಿನ ಜೊತೆ ಇಸವಿಯನ್ನೂ ಬರೆಸಿ

ಇವರಿಗೆ:
ರಾಜ್ಯದ ಪಾರ್ಕು, ಸಸ್ಯೋದ್ಯಾನ, ಕಾಲೇಜು ಆವರಣ ಮತ್ತು ರಸ್ತೆ ಬದಿಯ ಮರಗಳಿಗೆ ಹೆಸರಿನ ಬೋರ್ಡು ಹಾಕಿಸುವ ಎಲ್ಲ ಅಧಿಕಾರಿಗಳಿಗೆ

ಮಾನ್ಯರೇ,

ಮರಗಳಿಗೆ ಹೆಸರಿನ ಬೋರ್ಡು ಹಾಕಿಸುತ್ತಿದ್ದೀರಿ, ಸಂತೋಷ. ಬೆಳಗಿನ ವಾಕಿಂಗ್‌ಗೆ ಬಂದವರು ನಿಂತು ಓದುತ್ತಾರೆ. ಮಕ್ಕಳು ಶಾಲೆಯ ಪ್ರಾಜೆಕ್ಟಿಗೆಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಡಿಗ್ರಿ ಓದುವವರು ಅದರಲ್ಲಿರುವ ಕುಟುಂಬದ ಹೆಸರನ್ನೇ ರೆಕಾರ್ಡ್ ಬುಕ್ಕಿಗೆ ಇಳಿಸುತ್ತಾರೆ. ಪಂಚಾಯಿತಿಯ ಜೀವವೈವಿಧ್ಯ ದಾಖಲೆ ಬರೆಯಲು ಹೊರಟವರಿಗೂ ಸುಲಭವಾಗಿ ಸಿಗುವುದು ಇಂಥ ಬೋರ್ಡೇ. ಸ್ಟೀಲಿನ ಮೇಲೆ ಒಮ್ಮೆ ಕೆತ್ತಿಸಿದರೆ ಆ ಹೆಸರು ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಅದಕ್ಕೇ ನನ್ನದೊಂದು ಸಣ್ಣ ಬೇಡಿಕೆ ಇದೆ. ಬೋರ್ಡಿನಲ್ಲಿ ವೈಜ್ಞಾನಿಕ ಹೆಸರಿನ ಜೊತೆಗೆ ಅದರ ಹಳೆಯ ಹೆಸರನ್ನೂ, ಹೆಸರನ್ನು ಪರಿಶೀಲಿಸಿದ ಇಸವಿಯನ್ನೂ ಬರೆಸಿ.

ಯಾಕೆ ಅಂತ ಕೇಳಿದರೆ, ನಮ್ಮೂರಿನ ಪಾರ್ಕನ್ನೇ ನೋಡಿ. ಅಲ್ಲಿ ತೇಗದ ಬೋರ್ಡಿನಲ್ಲಿ ಕುಟುಂಬ ವರ್ಬಿನೇಸಿ ಎಂದಿದೆ. ನೆಲ್ಲಿಗೆ ಯೂಫೋರ್ಬಿಯೇಸಿ, ಬೂರುಗಕ್ಕೆ ಬೊಂಬಕೇಸಿ, ಮೂಲೆಯಲ್ಲಿರುವ ಎಕ್ಕದ ಗಿಡಕ್ಕೆ ಆಸ್ಕ್ಲಿಪಿಯಡೇಸಿ. ಬರೆಸಿದವರಿಗೆ ಗೊತ್ತಿರಲಿಲ್ಲ ಅನ್ನಲು ನಾನು ತಯಾರಿಲ್ಲ. ನಾವು ಕಾಲೇಜಿನಲ್ಲಿ ಓದುವಾಗ ಪುಸ್ತಕದಲ್ಲಿದ್ದದ್ದೂ ಇವೇ. ಆದರೆ ಈಗ ತೇಗ ಇರುವುದು ತುಳಸಿಯ ಕುಟುಂಬವಾದ ಲೇಮಿಯೇಸಿಯಲ್ಲಿ. ಶಿವನೆ ಮರ, ಲಕ್ಕಿ ಗಿಡಗಳೂ ಅದರ ಜೊತೆಗೇ ಅಲ್ಲಿಗೆ ಹೋದವು. ನೆಲ್ಲಿ ಈಗ ಫಿಲ್ಲಾಂಥೇಸಿ. ಎಕ್ಕ ಕಣಗಿಲೆಯ ಕುಟುಂಬವಾದ ಅಪೋಸೈನೇಸಿಯನ್ನು ಸೇರಿದೆ. ಸುರಹೊನ್ನೆ, ಸುರಗಿ, ನಾಗಸಂಪಿಗೆ ಮೂರೂ ಕ್ಲೂಸಿಯೇಸಿ ಬಿಟ್ಟು ಕ್ಯಾಲೋಫಿಲ್ಲೇಸಿಗೆ ಹೋದವು. ಮುರುಗಲು, ಉಪ್ಪಾಗೆ ಮಾತ್ರ ಕ್ಲೂಸಿಯೇಸಿಯಲ್ಲೇ ಉಳಿದವು.

ಇದು ಯಾರೋ ಒಬ್ಬರು ಕೂತು ಮಾಡಿದ ಬದಲಾವಣೆ ಅಲ್ಲ. ಡಿಎನ್‌ಎ ಓದುವುದು ಸುಲಭವಾದ ಮೇಲೆ ಹಲವು ದೇಶಗಳ ಸಸ್ಯವಿಜ್ಞಾನಿಗಳು ಒಟ್ಟಾಗಿ ಹೂಬಿಡುವ ಗಿಡಗಳ ಕುಟುಂಬಗಳನ್ನು ಹೊಸದಾಗಿ ಜೋಡಿಸಿದರು. ಎಪಿಜಿ ಎಂದು ಕರೆಯುವ ಈ ಪದ್ಧತಿಯ ಮೊದಲ ಪಟ್ಟಿ ಬಂದದ್ದು 1998ರಲ್ಲಿ. ಆಮೇಲೆ 2003, 2009 ಮತ್ತು 2016ರಲ್ಲಿ ತಿದ್ದಿದ ಪಟ್ಟಿಗಳು ಬಂದವು. 2016ರ ಪಟ್ಟಿಯಲ್ಲಿ 416 ಕುಟುಂಬಗಳಿವೆ. ಮೊದಲಿನವರು ಹೂವಿನ ದಳ, ಕೇಸರ, ಅಂಡಾಶಯ ನೋಡಿ ನೆಂಟಸ್ತಿಕೆ ಊಹಿಸುತ್ತಿದ್ದರು. ಆ ಊಹೆಗಳಲ್ಲಿ ಬಹಳಷ್ಟು ಸರಿಯಾಗಿಯೇ ಇದ್ದವು. ಕೆಲವು ಮಾತ್ರ ಕೈಕೊಟ್ಟವು.

ಹಳೆಯದೆಲ್ಲ ತಪ್ಪು ಎನ್ನುವಂತೆಯೂ ಇಲ್ಲ. ಬೂರುಗದ ಕಥೆ ಕೇಳಿ. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳಿಂದ ಕಲಿಸಿಕೊಂಡು ಬಂದದ್ದು ಬೆಂಥಮ್ ಮತ್ತು ಹೂಕರ್ ಅವರ ಪದ್ಧತಿ. ಅವರ ಗ್ರಂಥ ಪ್ರಕಟವಾದದ್ದು 1862ರಿಂದ 1883ರ ನಡುವೆ. ಅದರಲ್ಲಿ ಬೂರುಗ ಇದ್ದದ್ದು ದಾಸವಾಳದ ಕುಟುಂಬವಾದ ಮಾಲ್ವೇಸಿಯಲ್ಲೇ. ನಂತರ ಬಂದವರು ಅದನ್ನು ಹೊರತೆಗೆದು ಬೊಂಬಕೇಸಿ ಅಂತ ಬೇರೆ ಕುಟುಂಬ ಮಾಡಿದರು. ಡಿಎನ್‌ಎ ನೋಡಿದವರು ಮತ್ತೆ ಅದನ್ನು ಮಾಲ್ವೇಸಿಗೇ ತಂದು ಸೇರಿಸಿದರು. ಒಂದೂವರೆ ಶತಮಾನದ ಹಿಂದಿನ ಬೋರ್ಡು ಯಾವುದಾದರೂ ಉಳಿದಿದ್ದರೆ ಅದು ಇವತ್ತಿಗೆ ಸರಿ, ನಡುವಿನದು ತಪ್ಪು! ಟೊಮೆಟೊದ್ದೂ ಅದೇ ಕಥೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ಬದನೆಯ ಜಾತಿಗೆ (ಜೀನಸ್‌ಗೆ) ಸೇರಿಸಿ ಸೊಲಾನಮ್ ಲೈಕೋಪರ್ಸಿಕಮ್ ಎಂದ. ಆಮೇಲೆ ಅದು ಲೈಕೋಪರ್ಸಿಕಾನ್ ಆಯಿತು, ನಾವೆಲ್ಲ ಹಾಗೇ ಬಾಯಿಪಾಠ ಮಾಡಿದೆವು. ಈಗ ಮತ್ತೆ ಲಿನೇಯಸ್ ಇಟ್ಟ ಹೆಸರೇ ಚಾಲ್ತಿಗೆ ಬಂದಿದೆ.

ಕುಟುಂಬ ಬದಲಾಗುವುದು ಒಂದು. ಜಾತಿ, ಪ್ರಭೇದಗಳ ಹೆಸರೇ ಬದಲಾಗುವುದು ಇನ್ನೊಂದು. ಹತ್ತಿರದ ಪ್ರಭೇದಗಳು ಸೇರಿ ಒಂದು ಜಾತಿ, ಹತ್ತಿರದ ಜಾತಿಗಳು ಸೇರಿ ಒಂದು ಕುಟುಂಬ. ವೈಜ್ಞಾನಿಕ ಹೆಸರಿನ ಮೊದಲ ಪದ ಜಾತಿಯದ್ದು, ಎರಡನೆಯದು ಪ್ರಭೇದದ್ದು. ಇದರಲ್ಲಿ ಜನರಿಗೆ ಜಾಸ್ತಿ ಸಿಟ್ಟು ಬರುತ್ತದೆ. ನನಗೂ ಒಂದು ವಿಷಯದಲ್ಲಿ ಸಿಟ್ಟಿದೆ, ಜಾಲಿಯ ವಿಷಯದಲ್ಲಿ.

ಗಿಡಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಸಾಮಾನ್ಯವಾಗಿ ಆರು ವರ್ಷಕ್ಕೊಮ್ಮೆ ಸಸ್ಯವಿಜ್ಞಾನಿಗಳ ಮಹಾಸಮ್ಮೇಳನ ಸೇರಿ ಅದನ್ನು ತಿದ್ದುತ್ತದೆ. ಪ್ರತಿ ಜಾತಿಗೂ ಮಾದರಿ ಅಂತ ಒಂದು ಪ್ರಭೇದ ಇರುತ್ತದೆ. ಜಾತಿಯನ್ನು ಒಡೆಯಬೇಕಾಗಿ ಬಂದರೆ ಆ ಮಾದರಿ ಯಾವ ತುಂಡಿನಲ್ಲಿದೆಯೋ ಆ ತುಂಡಿಗೇ ಹಳೆಯ ಹೆಸರು ಉಳಿಯುತ್ತದೆ. ಅಕೇಶಿಯ ಎನ್ನುವ ದೊಡ್ಡ ಜಾತಿಗೆ ಮಾದರಿಯಾಗಿದ್ದದ್ದು ನಮ್ಮ ಕೆರೆ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಬೆಳೆಯುವ ಇದೇ ಕರಿಜಾಲಿ. ಆಸ್ಟ್ರೇಲಿಯದ ಅಕೇಶಿಯಗಳು ನಮ್ಮವಕ್ಕಿಂತ ಬೇರೆ ಎಂದು ಖಚಿತವಾದಾಗ, ಮನೆ ಭಾಗವಾದರೆ ಮನೆತನದ ಹೆಸರು ಯಾರಿಗೆ ಎನ್ನುವಂಥ ಜಗಳ ಶುರುವಾಯಿತು. ನಿಯಮದ ಪ್ರಕಾರ ಹೆಸರು ಜಾಲಿಯ ಕಡೆಗೇ ಬರಬೇಕಿತ್ತು. ಆದರೆ ಆಸ್ಟ್ರೇಲಿಯದಲ್ಲಿ ಸುಮಾರು ಸಾವಿರ ಪ್ರಭೇದಗಳಿವೆ, ಅಷ್ಟಕ್ಕೂ ಹೆಸರು ಬದಲಿಸುವುದು ಕಷ್ಟ ಎಂದು ವಾದ ಮಾಡಿದರು. 2005ರಲ್ಲಿ ವಿಯೆನ್ನಾ ಸಮ್ಮೇಳನ ಮಾದರಿಯನ್ನೇ ಬದಲಿಸಿ ಆಸ್ಟ್ರೇಲಿಯದ ಒಂದು ಪ್ರಭೇದಕ್ಕೆ ಕೊಟ್ಟಿತು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಸಮ್ಮೇಳನ ಆಸ್ಟ್ರೇಲಿಯದಲ್ಲೇ ನಡೆದದ್ದು ಕಾಕತಾಳೀಯ ಅಂತ ನಂಬೋಣ.

ಹೀಗಾಗಿ ನಮ್ಮ ಕರಿಜಾಲಿ ವಾಚೆಲಿಯ ನಿಲೋಟಿಕ ಆಯಿತು. ಕಾಚಿನ ಮರ ಸೆನೆಗಾಲಿಯ ಕ್ಯಾಟೆಚು ಆಯಿತು. ಮಲೆನಾಡಿನಲ್ಲಿ ಸಾಲುಸಾಲಾಗಿ ನೆಟ್ಟು ಜನ ಬೈದುಕೊಳ್ಳುವ ಆ ಆಸ್ಟ್ರೇಲಿಯದ ಅಕೇಶಿಯಕ್ಕೆ ಮಾತ್ರ ಅಕೇಶಿಯ ಎನ್ನುವ ಹೆಸರು ಹಾಗೇ ಉಳಿಯಿತು. ಅನ್ಯಾಯ ಅನ್ನಿಸುತ್ತೆ ಅಲ್ವಾ? ಅನ್ನಿಸಿದರೂ ನಿಯಮ ನಿಯಮವೇ, ಬೋರ್ಡಿನಲ್ಲಿ ವಾಚೆಲಿಯ ಎಂದೇ ಇರಬೇಕು. ಆದರೆ ಅದರ ಕೆಳಗೆ ‘ಹಿಂದಿನ ಹೆಸರು ಅಕೇಶಿಯ ನಿಲೋಟಿಕ’ ಎಂಬ ಸಾಲು ಇಲ್ಲದಿದ್ದರೆ, ಹಳೆಯ ಅರಣ್ಯ ವರದಿ ಹಿಡಿದು ಬಂದವನಿಗೆ ಇದು ಅದೇ ಮರ ಎಂದು ತಿಳಿಯುವುದು ಹೇಗೆ?

ಬಳ್ಳಾರಿ ಜಾಲಿಯಲ್ಲಿ ನ್ಯಾಯ ಉಲ್ಟಾ ನಡೆಯಿತು. ಅದೂ ಬನ್ನಿಮರವೂ ಪ್ರೊಸೋಪಿಸ್ ಎಂಬ ಒಂದೇ ಜಾತಿಯಲ್ಲಿದ್ದವು. 2022ರಲ್ಲಿ ಆ ಜಾತಿಯನ್ನು ಒಡೆದಾಗ ಪ್ರೊಸೋಪಿಸ್ ಎಂಬ ಹೆಸರು ಬನ್ನಿಯ ಕಡೆಗೇ ಉಳಿಯಿತು. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ನೆಲ್ಟುಮ ಜೂಲಿಫ್ಲೋರ ಆಯಿತು. ಕಿತ್ತಷ್ಟೂ ಚಿಗುರುವ ಈ ಕಳೆಗಿಡದ ಬಗ್ಗೆ ಕೃಷಿ, ಅರಣ್ಯ ಇಲಾಖೆಗಳ ಕಡತಗಳಲ್ಲಿ ಇರುವುದೆಲ್ಲ ಪ್ರೊಸೋಪಿಸ್ ಎಂಬ ಹೆಸರಿನಲ್ಲೇ. ಹೊಸಬರು ನೆಲ್ಟುಮ ಎಂದು ಹುಡುಕಿದರೆ ಆ ಕಡತ ಒಂದೂ ಸಿಗುವುದಿಲ್ಲ.

ಹೊಂಗೆಯಂತೂ ಹೆಸರು ಬದಲಿಸಿ ಬದಲಿಸಿ ಸುಸ್ತಾಗಿದೆ. ಲಿನೇಯಸ್ 1753ರಲ್ಲಿ ಅದನ್ನು ಸೈಟಿಸಸ್ ಪಿನ್ನೇಟಸ್ ಎಂದ. ಆಮೇಲೆ ಪೊಂಗಾಮಿಯ ಗ್ಲಾಬ್ರ, ಡೆರ್ರಿಸ್ ಇಂಡಿಕ, ಪೊಂಗಾಮಿಯ ಪಿನ್ನೇಟ, ಮಿಲ್ಲೆಟಿಯ ಪಿನ್ನೇಟ ಎಂದೆಲ್ಲ ಆಯಿತು. ಈಗ ಮತ್ತೆ ಪೊಂಗಾಮಿಯ ಪಿನ್ನೇಟಕ್ಕೆ ಮರಳುತ್ತಿದ್ದಾರೆ. ಹೊಂಗೆ ಎಣ್ಣೆಯಿಂದ ಇಂಧನ ಮಾಡುವ ಬಗ್ಗೆ ಓದಲು ಹೊರಟ ವಿದ್ಯಾರ್ಥಿ ಒಂದೇ ಹೆಸರು ಹಿಡಿದು ಹುಡುಕಿದರೆ ಅರ್ಧ ಸಾಹಿತ್ಯ ಕೈತಪ್ಪುತ್ತದೆ. ಗಮನಿಸಿ, ಪಿನ್ನೇಟಸ್ ಇದ್ದದ್ದು ಪಿನ್ನೇಟ ಆದದ್ದು ಬರೆಯುವವರ ಕೈತಪ್ಪಲ್ಲ. ಜಾತಿಯ ಹೆಸರಿನ ಲಿಂಗ ಬದಲಾದರೆ ಲ್ಯಾಟಿನ್ ವ್ಯಾಕರಣದಂತೆ ಪ್ರಭೇದದ ಹೆಸರಿನ ಬಾಲವೂ ಬದಲಾಗಬೇಕು. ಬೋರ್ಡು ಕೆತ್ತುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅರ್ಧ ಹೊಸದು ಅರ್ಧ ಹಳೆಯದು ಸೇರಿಸಿ ಎಲ್ಲೂ ಇಲ್ಲದ ಹೆಸರೊಂದು ಹುಟ್ಟುವುದು ಹೀಗೇ.

ಹಾಗಂತ ಎಲ್ಲ ಬೋರ್ಡಿನ ಗೊಂದಲವೂ ವಿಜ್ಞಾನದ ಬದಲಾವಣೆಯಿಂದ ಬಂದದ್ದಲ್ಲ. ಕೆಲವು ಶುದ್ಧ ತಪ್ಪು. ಕಂಪೌಂಡಿನುದ್ದಕ್ಕೂ ನೆಟ್ಟಗೆ ಕಂಬದಂತೆ ಬೆಳೆಯುವ ಮರಕ್ಕೆ ಅಶೋಕ ಎಂದು ಬರೆಸಿರುತ್ತಾರೆ. ಅದು ಸೀತಾಫಲದ ಕುಟುಂಬದ ಮರ. ಮೊದಲು ಪಾಲಿಯಾಲ್ತಿಯ ಲಾಂಗಿಫೋಲಿಯ ಎನ್ನುತ್ತಿದ್ದರು, 2012ರಿಂದ ಮೊನೂನ್ ಲಾಂಗಿಫೋಲಿಯಮ್. ಗೊಂಚಲು ಗೊಂಚಲಾಗಿ ಕಿತ್ತಳೆ–ಕೆಂಪು ಹೂ ಬಿಡುವ ನಿಜವಾದ ಅಶೋಕ ಸರಾಕ ಅಸೋಕ, ಅದು ಹುಣಸೆ–ಹೊಂಗೆಗಳ ಕುಟುಂಬದ್ದು. ಅದಕ್ಕೂ ಅನೇಕ ಕಡೆ ಸರಾಕ ಇಂಡಿಕ ಎಂದು ಬರೆದಿರುತ್ತದೆ. ಸರಾಕ ಇಂಡಿಕ ಎನ್ನುವುದು ಆಗ್ನೇಯ ಏಷ್ಯಾದ ಬೇರೆಯೇ ಮರ, ಹೆಸರಿನಲ್ಲಿ ಇಂಡಿಕ ಇದೆ ಅಷ್ಟೇ.

ಔಷಧಿ ಗಿಡಗಳ ವನದಲ್ಲಿ ಇಂಥ ತಪ್ಪು ಇನ್ನೂ ದುಬಾರಿ. ಬ್ರಾಹ್ಮಿ ಎಂದು ಒಂದು ಕಡೆ ಒಂದೆಲಗವನ್ನು ತೋರಿಸುತ್ತಾರೆ, ಇನ್ನೊಂದು ಕಡೆ ನೀರುಬ್ರಾಹ್ಮಿಯನ್ನು. ಮೊದಲನೆಯದು ಸೆಂಟೆಲ್ಲ ಏಷ್ಯಾಟಿಕ, ಕೊತ್ತಂಬರಿಯ ಕುಟುಂಬ. ಎರಡನೆಯದು ಬಕೋಪ ಮೊನ್ನಿಯೆರಿ. ಇದು ಮೊದಲು ಸ್ಕ್ರೊಫುಲಾರಿಯೇಸಿಯಲ್ಲಿತ್ತು, ಈಗ ಪ್ಲಾಂಟಾಜಿನೇಸಿಯಲ್ಲಿದೆ. ಎರಡರ ಒಳಗಿನ ರಾಸಾಯನಿಕಗಳೂ ಬೇರೆ. ಹೊನ್ನೆ ಎಂದರೆ ಕರಾವಳಿಯವರಿಗೆ ದೀಪದ ಎಣ್ಣೆಯ ಮರ, ಕ್ಯಾಲೋಫಿಲ್ಲಮ್ ಇನೋಫಿಲ್ಲಮ್. ಘಟ್ಟದ ಮೇಲಿನವರಿಗೆ ಮರಗೆಲಸದ ಮರ, ಟೆರೊಕಾರ್ಪಸ್ ಮಾರ್ಸುಪಿಯಮ್. ಯಾರ ಹೊನ್ನೆಯೂ ಸುಳ್ಳಲ್ಲ. ಅದಕ್ಕೇ ಬೋರ್ಡಿನಲ್ಲಿ ಊರಿನ ಹೆಸರುಗಳು ಎಷ್ಟಿದ್ದರೂ ಇರಲಿ, ತುಳು, ಕೊಡವ ಹೆಸರುಗಳೂ ಬರಲಿ. ಜೊತೆಗೆ ವೈಜ್ಞಾನಿಕ ಹೆಸರು ಒಂದು ಸರಿಯಾಗಿರಲಿ. ಅದನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಬರೆಸಿದರೆ ಹತ್ತು ವರ್ಷದ ಮಗುವೂ ಓದುತ್ತದೆ, ಹೊರಗಿನಿಂದ ಬಂದವರೂ ಓದುತ್ತಾರೆ.

ಇನ್ನೊಂದು ಎಚ್ಚರಿಕೆ. ಈ ಪತ್ರ ಓದಿ ಹುಮ್ಮಸ್ಸಿನಲ್ಲಿ ಸರಿ ಇದ್ದದ್ದನ್ನೂ ಕಿತ್ತುಹಾಕಬೇಡಿ. ಎಂಟು ಕುಟುಂಬಗಳಿಗೆ ಎರಡೆರಡು ಹೆಸರು ಬಳಸಲು ನಿಯಮಾವಳಿಯೇ ಒಪ್ಪುತ್ತದೆ. ಹೊಂಗೆ, ಹುಣಸೆಗಳಿಗೆ ಲೆಗ್ಯುಮಿನೋಸಿ ಎಂದಿದ್ದರೂ ಸರಿ, ಫ್ಯಾಬೇಸಿ ಎಂದಿದ್ದರೂ ಸರಿ. ಹುಲ್ಲು, ಬಿದಿರುಗಳಿಗೆ ಗ್ರಾಮಿನೆ ಆದರೂ ಆಯಿತು, ಪೊಯೇಸಿ ಆದರೂ ಆಯಿತು. ಪಾಮ್ ಮರಗಳಿಗೆ ಪಾಮೆ ಅಥವಾ ಅರೆಕೇಸಿ. ಅಂದ ಹಾಗೆ ಅರೆಕೇಸಿ ಎಂಬ ಹೆಸರು ಬಂದದ್ದು ಅರೆಕ ಎಂಬ ಜಾತಿಯಿಂದ, ಅಂದರೆ ನಮ್ಮ ಅಡಿಕೆಯಿಂದ. ತೆಂಗು, ಈಚಲು, ಬೈನೆ ಎಲ್ಲ ಅಡಿಕೆಯ ಹೆಸರಿನ ಕುಟುಂಬದಲ್ಲೇ ಬದುಕುತ್ತಿವೆ!

ಹಾಗಾದರೆ ಬೋರ್ಡನ್ನು ಪದೇಪದೇ ಬದಲಿಸುತ್ತಾ ಕೂರಬೇಕಾ ಎಂದು ನೀವು ಕೇಳಬಹುದು. ಬೇಡ. ಇದಕ್ಕೆ ಸಸ್ಯವಿಜ್ಞಾನಿಗಳೇ ಒಂದು ದಾರಿ ಮಾಡಿಕೊಂಡಿದ್ದಾರೆ. ಹರ್ಬೇರಿಯಂಗೆ ಹೋಗಿ ನೋಡಿ. ಒಣಗಿಸಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸಿರುತ್ತಾರೆ. ಕೆಳಗಿನ ಮೂಲೆಯಲ್ಲಿ ಸಂಗ್ರಹಿಸಿದವರು ಬರೆದ ಚೀಟಿ ಇರುತ್ತದೆ. ಮುಂದೆ ಯಾರಾದರೂ ಆ ಹೆಸರು ಸರಿಯಿಲ್ಲ ಎಂದು ಕಂಡುಕೊಂಡರೆ ಹಳೆಯ ಚೀಟಿಯನ್ನು ಹರಿಯುವುದಿಲ್ಲ, ಅಳಿಸುವುದೂ ಇಲ್ಲ. ಪಕ್ಕದಲ್ಲಿ ಇನ್ನೊಂದು ಸಣ್ಣ ಚೀಟಿ ಅಂಟಿಸುತ್ತಾರೆ. ಹೊಸ ಹೆಸರು, ಗುರುತಿಸಿದವರ ಹೆಸರು, ಇಸವಿ, ಇಷ್ಟೇ. ಒಂದೇ ಹಾಳೆಯ ಮೇಲೆ ಮೂರು ನಾಲ್ಕು ಚೀಟಿ ಇರುವುದೂ ಉಂಟು. ಓದಿದರೆ ಆ ಗಿಡದ ಬಗ್ಗೆ ಯಾವ ಕಾಲದವರು ಏನು ತಿಳಿದಿದ್ದರು ಎನ್ನುವುದು ಪೂರ್ತಿ ಸಿಗುತ್ತದೆ.

ಇದನ್ನೇ ಬೋರ್ಡಿಗೂ ತನ್ನಿ. ಕನ್ನಡದ ಹೆಸರು ಬದಲಾಗುವುದಿಲ್ಲ, ಅದನ್ನು ದೊಡ್ಡದಾಗಿ ಕೆತ್ತಿಸಿ. ವೈಜ್ಞಾನಿಕ ಹೆಸರು, ಕುಟುಂಬ, ಹಿಂದಿನ ಹೆಸರು, ಪರಿಶೀಲಿಸಿದ ಇಸವಿ, ಇವನ್ನು ಕೆಳಗೆ ಬೇರೆ ಪಟ್ಟಿಯಾಗಿ ಸ್ಕ್ರೂ ಹಾಕಿ ಕೂರಿಸಿ. ಬದಲಾದಾಗ ಆ ಪಟ್ಟಿ ಮಾತ್ರ ಬಿಚ್ಚಿದರೆ ಸಾಕು. ‘ಪರಿಶೀಲನೆ: 2016’ ಎಂದು ಇದ್ದರೆ ಓದುವವನಿಗೆ ಇದು ಅಂದಿನ ತಿಳಿವಳಿಕೆ ಎಂದು ಗೊತ್ತಾಗುತ್ತದೆ, ಬೇಕಿದ್ದರೆ ಮುಂದೆ ಹುಡುಕಿಕೊಳ್ಳುತ್ತಾನೆ. ಇಸವಿ ಇಲ್ಲದ ಬೋರ್ಡಿಗೆ ಆ ಅನುಕೂಲ ಇಲ್ಲ. ಮತ್ತೆ, ದಯವಿಟ್ಟು ಬೋರ್ಡನ್ನು ಮರದ ಕಾಂಡಕ್ಕೆ ಮೊಳೆ ಹೊಡೆದು ಹಾಕಬೇಡಿ. ಪಕ್ಕದಲ್ಲೊಂದು ಕಂಬ ನೆಡಿ.

ಕಾಂಡದ ಮಾತು ಬಂತು. ಅಲ್ಲೇ ನಿಮ್ಮ ಬೋರ್ಡಿನ ಪಕ್ಕದಲ್ಲಿ ಹೆಸರೇ ಇಲ್ಲದೆ ಬದುಕುತ್ತಿರುವ ಒಂದು ದೊಡ್ಡ ಗುಂಪಿದೆ. ತೊಗಟೆಯ ಮೇಲೆ ಬೂದು, ಹಸಿರು, ಬಿಳಿ ಮಚ್ಚೆಗಳು. ಕೆಲವು ಬಣ್ಣ ಬಳಿದಂತೆ ಅಂಟಿಕೊಂಡಿರುತ್ತವೆ, ಕೆಲವು ಸುಕ್ಕಾದ ಎಲೆಯಂತೆ ಎದ್ದಿರುತ್ತವೆ, ಮಲೆನಾಡಿನಲ್ಲಿ ಕೆಲವು ಗಡ್ಡದಂತೆ ಇಳಿಬಿದ್ದಿರುತ್ತವೆ. ಇವೇ ಕಲ್ಲುಹೂಗಳು. ಪ್ರಪಂಚದಲ್ಲಿ ಸುಮಾರು 20 ಸಾವಿರ ಪ್ರಭೇದಗಳಿವೆ. ನಮ್ಮ ಯಾವ ಪಾರ್ಕಿನಲ್ಲೂ ಇವಕ್ಕೆ ಒಂದು ಬೋರ್ಡು ಹಾಕಿದ್ದನ್ನು ನಾನು ನೋಡಿಲ್ಲ.

ಕಲ್ಲುಹೂವು ಹೂವಲ್ಲ, ಕಲ್ಲಿನ ಮೇಲೆ ಮಾತ್ರ ಬೆಳೆಯುವುದೂ ಅಲ್ಲ, ಗಿಡ ಅಂತೂ ಅಲ್ಲವೇ ಅಲ್ಲ. ಶಿಲೀಂಧ್ರವೊಂದು ತನ್ನೊಳಗೆ ಪಾಚಿಯನ್ನು ಇಟ್ಟುಕೊಂಡು ಅದು ಬಿಸಿಲಿನಿಂದ ಮಾಡಿದ ಆಹಾರದಲ್ಲಿ ಬದುಕುವ ಏರ್ಪಾಡು ಇದು. 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೀಗೆಂದು ಹೇಳಿದಾಗ ಕಲ್ಲುಹೂವಿನ ದೊಡ್ಡ ದೊಡ್ಡ ಪಂಡಿತರೇ ಒಪ್ಪಲಿಲ್ಲ. ಇಲ್ಲಿ ಹೆಸರಿನ ಪ್ರಶ್ನೆ ಸ್ವಾರಸ್ಯವಾಗುತ್ತದೆ. ದೇಹ ಒಂದೇ, ಜೀವಿಗಳು ಎರಡು, ಹೆಸರು ಯಾರದ್ದು? ನಿಯಮಾವಳಿ ಸ್ಪಷ್ಟವಾಗಿದೆ. ಕಲ್ಲುಹೂವಿಗೆ ಇಟ್ಟ ಹೆಸರು ಅದರಲ್ಲಿರುವ ಶಿಲೀಂಧ್ರದ ಹೆಸರು. ಪಾಚಿಗೆ ಅದರದ್ದೇ ಬೇರೆ ಹೆಸರಿದೆ. ಕುಟುಂಬವೂ ಶಿಲೀಂಧ್ರದ್ದೇ. 2011ರವರೆಗೆ ಈ ನಿಯಮಾವಳಿಯ ಹೆಸರಿನಲ್ಲಿ ‘ಸಸ್ಯಶಾಸ್ತ್ರೀಯ’ ಎಂದಷ್ಟೇ ಇತ್ತು. ಮೆಲ್ಬರ್ನ್ ಸಮ್ಮೇಳನ ಅದನ್ನು ‘ಪಾಚಿ, ಶಿಲೀಂಧ್ರ ಮತ್ತು ಸಸ್ಯಗಳ’ ನಿಯಮಾವಳಿ ಎಂದು ಬದಲಿಸಿತು.

ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವನ್ನೇ ತೆಗೆದುಕೊಳ್ಳಿ. ಹಳೆಯ ಪುಸ್ತಕಗಳಲ್ಲಿ ಅದು ಪಾರ್ಮೀಲಿಯ ಪರ್ಲಾಟ. ಈಗ ಪಾರ್ಮೊಟ್ರೀಮ ಪರ್ಲಾಟಮ್, ಕುಟುಂಬ ಪಾರ್ಮೀಲಿಯೇಸಿ. ಒಳಗಿರುವ ಹಸಿರು ಪಾಚಿ ಟ್ರೆಬೌಕ್ಸಿಯ. ಅಂಗಡಿಯ ಪೊಟ್ಟಣದಲ್ಲಿ ಇದೊಂದೇ ಇರುತ್ತದೆ ಅಂದುಕೊಳ್ಳಬೇಡಿ, ಅದರ ಹತ್ತಿರದ ನೆಂಟರೂ ಸೇರಿಕೊಂಡಿರುತ್ತಾರೆ. ಅವುಗಳಲ್ಲಿ ಒಂದನ್ನು ಎವರ್ನಿಯಾಸ್ಟ್ರಮ್ ಸಿರ್‍ರಾಟಮ್ ಎನ್ನುತ್ತಿದ್ದರು, ಈಗ ಹೈಪೊಟ್ರಾಕೈನ ಸಿರ್‍ರಾಟ. ನೋಡಿ, ಇಲ್ಲೂ ಬಾಲ ಬದಲಾಯಿತು.

ಅಡಿಕೆ ಮರದ ಕಾಂಡದ ಮೇಲಿನ ಬಿಳಿ ಮಚ್ಚೆ ನೋಡಿ ರೋಗ ಬಂತು ಎಂದು ಹೆದರುವವರಿದ್ದಾರೆ. ಅದೂ ಹೆಚ್ಚಾಗಿ ಕಲ್ಲುಹೂವೇ. ಅದು ಮರದಿಂದ ಏನನ್ನೂ ಹೀರುವುದಿಲ್ಲ, ನಿಲ್ಲಲು ಜಾಗ ಮಾತ್ರ ಬೇಕು. ಗಂಧಕದ ಹೊಗೆಯನ್ನು ಬಹಳಷ್ಟು ಕಲ್ಲುಹೂಗಳು ತಡೆಯಲಾರವು. 1866ರಲ್ಲಿ ಫಿನ್‌ಲೆಂಡಿನ ಕಲ್ಲುಹೂವಿನ ಪಂಡಿತ ವಿಲಿಯಂ ನೈಲಾಂಡರ್ ಪ್ಯಾರಿಸ್‌ನ ಲಕ್ಸಂಬರ್ಗ್ ಪಾರ್ಕಿನ ಕಲ್ಲುಹೂಗಳನ್ನು ಪಟ್ಟಿ ಮಾಡಿ, ಊರಿನ ಬೇರೆಡೆ ಇಲ್ಲದವು ಇಲ್ಲಿವೆ, ಹಾಗಾಗಿ ಇಲ್ಲಿನ ಗಾಳಿ ಚೆನ್ನಾಗಿದೆ ಎಂದು ತೋರಿಸಿದ್ದ. ಶ್ವೆಂಡೆನರ್‌ನ ಮಾತನ್ನು ಕೊನೆಯವರೆಗೂ ಒಪ್ಪದವರಲ್ಲಿ ಈತನೂ ಒಬ್ಬ, ಅದು ಬೇರೆ ವಿಷಯ. ಪಾರ್ಕಿನ ಮರದ ಕಾಂಡದಿಂದ ಊರಿನ ಗಾಳಿಯನ್ನು ಓದಬಹುದು ಎಂಬುದು ಅಷ್ಟು ಹಳೆಯ ವಿಚಾರ. ನಾವು ಏನು ಮಾಡುತ್ತಿದ್ದೇವೆ? ಮಂತ್ರಿಗಳು ಬರುತ್ತಾರೆಂದರೆ ಎದೆಮಟ್ಟದವರೆಗೆ ಸುಣ್ಣ, ಮೇಲೊಂದು ಕಾವಿ ಪಟ್ಟಿ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವಿಯ ಮೇಲೆ ಸುಮ್ನೆ ಅಲಂಕಾರಕ್ಕೆ ಸುಣ್ಣ ಬಳಿಯುತ್ತೇವೆ. ರಾತ್ರಿ ವಾಹನಗಳಿಗೆ ಕಾಣಬೇಕಾದ ರಸ್ತೆ ಬದಿಯ ಮರಗಳಿಗೆ ಬಳಿಯಿರಿ, ಬೇಡ ಎನ್ನುವುದಿಲ್ಲ. ಪಾರ್ಕಿನ ಒಳಗಿನ ಮರಗಳಿಗೆ ಯಾಕೆ? ಪ್ರತಿ ಪಾರ್ಕಿನಲ್ಲಿ ಒಂದೆರಡು ಹಳೆಯ ಮರಗಳನ್ನಾದರೂ ಸುಣ್ಣದಿಂದ ಬಿಡಿಸಿ, ಅವುಗಳ ಮೇಲಿನ ಕಲ್ಲುಹೂಗಳಿಗೂ ಒಂದು ಬೋರ್ಡು ಹಾಕಿ. ಕುಟುಂಬದವರೆಗೆ ಮಾತ್ರ ಗುರುತು ಸಿಕ್ಕರೆ ಕುಟುಂಬದ ಹೆಸರನ್ನಷ್ಟೇ ಬರೆಸಿ. ಗೊತ್ತಿಲ್ಲದ ಪ್ರಭೇದವನ್ನು ಊಹಿಸಿ ಬರೆಸುವುದಕ್ಕಿಂತ ಅದು ಎಷ್ಟೋ ವಾಸಿ.

ಕೇಳಲು ಜನ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರ್ಬೇರಿಯಂ ಇದೆ, ಕರ್ನಾಟಕದ ಗಿಡಗಳ ಡಿಜಿಟಲ್ ಕೋಶವನ್ನೂ ಅವರು ಮಾಡಿದ್ದಾರೆ. ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಕೇಂದ್ರಗಳು ಪಕ್ಕದ ಪುಣೆಯಲ್ಲೂ ಕೊಯಮತ್ತೂರಿನಲ್ಲೂ ಇವೆ. ಕಲ್ಲುಹೂಗಳ ದೊಡ್ಡ ಸಂಗ್ರಹ ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದೆ. ನಮ್ಮ ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ ವಿಭಾಗಗಳೂ ಇವೆ. ಹೆಸರು ಚಾಲ್ತಿಯಲ್ಲಿದೆಯೋ ಇಲ್ಲವೋ ನೋಡಲು ಲಂಡನ್ನಿನ ಕ್ಯೂ ಉದ್ಯಾನದ ಪಟ್ಟಿ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ. ಕಲ್ಲುಹೂಗಳಿಗೆ ಇಂಡೆಕ್ಸ್ ಫಂಗೋರಮ್, ಮೈಕೋಬ್ಯಾಂಕ್ ಎಂಬ ಶಿಲೀಂಧ್ರಗಳ ಹೆಸರಿನ ಜಾಲತಾಣಗಳಿವೆ. ಒಂದು ಪಾರ್ಕಿನ ಮರಗಳ ಪಟ್ಟಿಯನ್ನು ಹೀಗೆ ತಾಳೆ ನೋಡಲು ಸಸ್ಯಶಾಸ್ತ್ರ ಓದಿದ ಇಬ್ಬರು ಕೂತರೆ ಹೆಚ್ಚು ದಿನ ಬೇಡ. ಆದರೆ ಪಟ್ಟಿಯಲ್ಲಿ ಹೆಸರು ಹುಡುಕುವ ಮೊದಲು ಮರದ ಹತ್ತಿರ ಹೋಗಿ ಹೂವು, ಕಾಯಿ ನೋಡಿ ಗುರುತಿಸಿರಬೇಕು. ಮೊನೂನ್‌ಗೆ ಸರಾಕದ ಹೆಸರು ತಾಳೆ ನೋಡಿದರೆ ಏನು ಬಂತು?

ಈಗ ಟೆಂಡರ್ ಕರೆಯುವಾಗ ಬೋರ್ಡಿನ ಅಳತೆ, ಸ್ಟೀಲಿನ ದಪ್ಪ, ಅಕ್ಷರದ ಗಾತ್ರ ಎಲ್ಲ ಬರೆದಿರುತ್ತೀರಿ. ಹೆಸರನ್ನು ಯಾರು ಗುರುತಿಸಬೇಕು, ಯಾರು ಸಹಿ ಹಾಕಬೇಕು ಎನ್ನುವ ಷರತ್ತನ್ನೂ ಅದರಲ್ಲೇ ಸೇರಿಸಿ. ಕೆತ್ತಲು ಕೊಡುವ ಮುಂಚೆ ಪಟ್ಟಿಯನ್ನು ನಿಮ್ಮ ಜಾಲತಾಣದಲ್ಲಿ ಒಂದು ತಿಂಗಳು ಹಾಕಿಡಿ. ಮೇಷ್ಟ್ರುಗಳು, ವಿದ್ಯಾರ್ಥಿಗಳು, ನಾಟಿ ವೈದ್ಯರು, ಮರ ನೋಡಿಕೊಂಡು ತಿರುಗುವ ನನ್ನಂಥವರು ತಪ್ಪು ಕಂಡಲ್ಲಿ ಬರೆದು ತಿಳಿಸುತ್ತೇವೆ. ಅದಕ್ಕೆ ಇಲಾಖೆಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಇಂತಿ,
ಮರಗಳ ಬೋರ್ಡು ಓದುವ ಒಬ್ಬ ನಾಗರಿಕ